ಕಡೆಯಲ್ಲಿ ನಿಲ್ಲುವ ಕ್ರಿಯಾಪದ

ಸಾಮಾನ್ಯ ನಿರೂಪಣಾವಾಕ್ಯದಲ್ಲಿ ಎರಡನೆಯ ಆಸನವನ್ನು ಬಿಟ್ಟು ಕದಲಲೊಲ್ಲದ ಡಚ್ ಕ್ರಿಯಾಪದವು, ನಾಮವನ್ನು ವಿಶೇಷಿಸುವ ಉಪವಾಕ್ಯದೊಳಗೆ ಕಾಲಿರಿಸಿದೊಡನೆಯೇ ವಿನಯದಿಂದ ಕಡೆಗೆ ಸರಿದು ನಿಲ್ಲುವ ಪರಿ, ಕ್ರಿಯೆಯನ್ನು ಕೊನೆಗೇ ಕಾದಿರಿಸುವ ಕನ್ನಡಿಗನಿಗೆ ಪರವೂರ ಬೀದಿಯಲ್ಲಿ ಬಂಧುವೊಬ್ಬನು ಎದುರಾದಂತೆ ತೋರುವುದು. ‘ಇಕ್ ಲೇಸ್ ಹೆಟ್ ಬೂಕ್’ ಎಂದರೆ ‘ನಾನು ಪುಸ್ತಕವನ್ನು ಓದುತ್ತೇನೆ’. ‘ಹೆಟ್ ಬೂಕ್ ಡಟ್ ಇಕ್ ಲೇಸ್’ ಎಂದರೆ ‘ನಾನು ಓದುವ ಪುಸ್ತಕ’. ನಾಮಕ್ಕೂ ಉಪವಾಕ್ಯಕ್ಕೂ ಕೊಂಡಿಯಾಗುವ ಪದವು ‘ಹೆಟ್’ ಎಂಬ ಉಪಪದವುಳ್ಳ ಏಕವಚನಕ್ಕೆ ‘ಡಟ್’, ‘ಡೆ’ ಎಂಬುದುಳ್ಳದ್ದಕ್ಕೂ ಸಕಲ ಬಹುವಚನಗಳಿಗೂ ‘ಡೀ’. ಯಾವ ನಾಮಕ್ಕೆ ಯಾವ ಉಪಪದವೆಂಬುದನ್ನು ಮಾತ್ರ ಬಾಯಿಪಾಠ ಮಾಡದೆ ಗತ್ಯಂತರವಿಲ್ಲ.

ಆದರೆ ‘ಡೆ ವ್ರೌ ಡೀ ಹೆಟ್ ಕಿಂಟ್ ಜಖ್’ ಎಂಬಲ್ಲಿ, ನಾಮಪದಗಳು ವಿಭಕ್ತಿಪ್ರತ್ಯಯಗಳನ್ನು ಎಂದೋ ಕಳಚಿಕೊಂಡಿರುವುದರಿಂದ, ಹೆಂಗಸು ಮಗುವನ್ನು ಕಂಡಳೋ ಮಗುವೇ ಹೆಂಗಸನ್ನು ಕಂಡಿತೋ ಎಂಬುದಕ್ಕೆ ಪದಕ್ರಮವು ಬಾಯಿಬಿಡದು, ಸಂದರ್ಭವನ್ನೇ ಕೇಳಬೇಕು. ‘ಮಗುವನ್ನು ಕಂಡ ಹೆಂಗಸು’, ‘ಮಗು ಕಂಡ ಹೆಂಗಸು’ ಎಂದು, ಪ್ರತ್ಯಯವನ್ನು ನುಂಗದೆ ನುಡಿದರೆ, ನಾವು ಒಂದು ‘ಅನ್ನು’ವಿನಿಂದಲೇ ಮುಗಿಸುವ ವ್ಯಾಜ್ಯವಿದು. ಆದರೂ ಕೇಳುಗನನ್ನು ಕಡೆಯ ಪದದವರೆಗೆ ಕಾಯಿಸಬಲ್ಲ ಆ ಸಂಯಮಕ್ಕಾಗಿಯಾದರೂ, ಯುರೋಪಿನ ನುಡಿಯೊಂದನ್ನು ಕಲಿಯಬಯಸುವ ವಾಚಕರು ಡಚ್ಚನ್ನೊಮ್ಮೆ ಮಾತನಾಡಿಸಿ ನೋಡಬೇಕೆಂದು ನನ್ನ ವಿನಂತಿ.