ತೆರೆಯ ಕಂಠ, ಮೇಳದ ಕಂಠ: ಜನಪದ ಗಾಯಕರ ಜೀವನಚಿತ್ರಗಳ ವಿಮರ್ಶೆ

೧. ಪೀಠಿಕೆ

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವವರೆಗೆ ಹಲವು ಹಾಡುಗಾರಿಕೆಯ ಸೀಮೆಗಳನ್ನು ಹಾಯ್ದುಹೋಗುತ್ತದೆ. ಸಹ್ಯಾದ್ರಿಯ ಅಂಚಿನ ಹಳ್ಳಿಗಳಲ್ಲಿ ಮರಾಠಿ ಅಭಂಗಗಳ ಭಜನೆ, ಬಯಲಿಗಿಳಿದರೆ ಕನ್ನಡದ ಗೀಗೀ ಪದ ಹಾಗೂ ತತ್ವಪದ, ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಜೋಗತಿಯರ ಚೌಡಿಕೆ ಪದ. ಇವೆಲ್ಲವೂ ಒಂದೇ ನದಿಯ ದಂಡೆಯ ಸಂಪತ್ತು. ಕನ್ನಡ-ಮರಾಠಿಗಳೆರಡೂ ಮನೆಮಾತಾಗಿರುವ ಈ ಗಡಿಸೀಮೆಯ ಕೇಳುಗರಿಗೆ ಎರಡೂ ಭಾಷೆಗಳ ಗಾಯಕರು ಪರಿಚಿತರು. ಆ ಗಾಯಕರನ್ನು ಕುರಿತು ಎರಡೂ ಭಾಷೆಗಳಲ್ಲಿ ತಯಾರಾದ ಚಲನಚಿತ್ರಗಳೂ ಪರಿಚಿತ. ಆದ್ದರಿಂದ ತೆರೆಯ ಮೇಲಿನ ಜನಪದ ಗಾಯಕನಿಗೂ ವಾಸ್ತವದ ಗಾಯಕನಿಗೂ ಇರುವ ಅಂತರವನ್ನು ಪರಿಶೀಲಿಸಲು ಈ ಪ್ರದೇಶ ಯೋಗ್ಯವಾದ ನೆಲೆಯಾಗಿದೆ.

ಇದೇ ತಾಲ್ಲೂಕಿನ ನಂದಗಡದಲ್ಲಿ ೧೮೩೧ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಲಾಯಿತು. ರಾಯಣ್ಣನ ನೆನಪನ್ನು ಜನರ ನಾಲಗೆಯ ಮೇಲೆ ಉಳಿಸಿದವರು ಲಾವಣಿಕಾರರು. ಜೆ. ಎಫ್. ಫ್ಲೀಟ್ ಅವರು ೧೯ನೆಯ ಶತಮಾನದ ಉತ್ತರಾರ್ಧದಲ್ಲಿ ಅಂಥ ಲಾವಣಿಗಳನ್ನು ಸಂಗ್ರಹಿಸಿ 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಪ್ರಕಟಿಸಿದರು. ರಾಯಣ್ಣನನ್ನು ಕುರಿತು ೧೯೬೭ರಲ್ಲಿಯೂ ೨೦೧೨ರಲ್ಲಿಯೂ ಕನ್ನಡದಲ್ಲಿ ಚಿತ್ರಗಳು ಬಂದವು. ಆದರೆ ಅವನನ್ನು ಹಾಡಿದವರು ಚಿತ್ರದ ವಸ್ತುವಾಗಲಿಲ್ಲ. ಜೀವನಚಿತ್ರಕ್ಕೆ ಹೆಸರು, ಹುಟ್ಟು, ಸಂಕಷ್ಟ, ಸಾವು ಇರುವ ಒಬ್ಬ ವ್ಯಕ್ತಿ ಬೇಕು. ಜನಪದ ಹಾಡಿಗೆ ಬೇಕಾದುದು ಮೇಳ. ಈ ಎರಡು ಅಗತ್ಯಗಳ ನಡುವಿನ ಘರ್ಷಣೆಯೇ ಇಲ್ಲಿ ವಿವೇಚನೆಗೆ ಎತ್ತಿಕೊಂಡ ವಿಷಯ.

೨. ತುಕಾರಾಮ: ಗಾಥೆಗೆ ಸೇರಿದ ಚಿತ್ರಗೀತೆ

ಈ ಬಗೆಯ ಚಿತ್ರಗಳಿಗೆ ಮಾದರಿಯನ್ನು ಹಾಕಿಕೊಟ್ಟದ್ದು ಪುಣೆಯ ಪ್ರಭಾತ್ ಸಂಸ್ಥೆಯ 'ಸಂತ ತುಕಾರಾಮ' (೧೯೩೬). ದಾಮ್ಲೆ ಮತ್ತು ಫತ್ತೇಲಾಲ್ ನಿರ್ದೇಶಿಸಿದ ಈ ಚಿತ್ರದಲ್ಲಿ ವಿಷ್ಣುಪಂತ ಪಾಗ್ನಿಸ್ ತಾವೇ ಹಾಡಿ ನಟಿಸಿದರು. ಚಿತ್ರವು ವೆನಿಸ್ ಉತ್ಸವದಲ್ಲಿ ಮನ್ನಣೆ ಪಡೆಯಿತು. ಕನ್ನಡದಲ್ಲಿ ಇದೇ ಸಂತನ ಕಥೆ ೧೯೬೩ರಲ್ಲಿ ರಾಜ್‌ಕುಮಾರ್ ಅವರ ಅಭಿನಯದಲ್ಲಿ ತೆರೆಗೆ ಬಂದಿತು.

ಪ್ರಭಾತ್ ಚಿತ್ರದ ಒಂದು ಸಂಗತಿ ಸಂಶೋಧಕರಿಗೆ ಮುಖ್ಯವಾದುದು. ಅದರಲ್ಲಿನ ಒಂದು ಪ್ರಸಿದ್ಧ ಹಾಡನ್ನು ಬರೆದವರು ತುಕಾರಾಮರಲ್ಲ, ಚಿತ್ರದ ಗೀತಕಾರ ಶಾಂತಾರಾಮ ಆಠವಲೆ. ಅಭಂಗದ ಛಂದಸ್ಸು, ನುಡಿಗಟ್ಟು ಹಾಗೂ ಭಾವ ಅಷ್ಟು ಸಹಜವಾಗಿ ಕೂಡಿಬಂದುದರಿಂದ ಜನ ಅದನ್ನು ತುಕಾರಾಮರ ಅಭಂಗವೆಂದೇ ನಂಬಿದರು. ಇದನ್ನು ಕೇವಲ ತಪ್ಪೆಂದು ತಳ್ಳಿಹಾಕುವಂತಿಲ್ಲ. ಮೌಖಿಕ ಪರಂಪರೆಯಲ್ಲಿ ಹಿರಿಯ ಸಂತನ ಅಂಕಿತದಡಿ ಕಿರಿಯರ ರಚನೆಗಳು ಸೇರುತ್ತ ಬಂದುದು ಹೊಸತೇನಲ್ಲ. ಆದರೆ ಹಿಂದೆ ಆ ಸೇರ್ಪಡೆ ಭಜನಾ ಮೇಳಗಳ ಬಾಯಿಂದ ಬಾಯಿಗೆ, ತಲೆಮಾರುಗಳ ಅವಧಿಯಲ್ಲಿ ನಡೆಯುತ್ತಿತ್ತು. ಚಿತ್ರಮಾಧ್ಯಮ ಅದನ್ನು ಕೆಲವೇ ದಿನಗಳಲ್ಲಿ, ಒಂದೇ ಧಾಟಿಯಲ್ಲಿ, ಇಡೀ ಭಾಷಾಪ್ರದೇಶಕ್ಕೆ ಸಾಧಿಸಿಕೊಟ್ಟಿತು.

೩. ಶರೀಫರು: ತತ್ವಪದದಿಂದ ಚಿತ್ರಗೀತೆಗೆ

ಕನ್ನಡದ ಮಟ್ಟಿಗೆ ಈ ಸಮಸ್ಯೆಯನ್ನು ಸ್ಪಷ್ಟವಾಗಿ ತೋರಿಸುವ ಕೃತಿ ಟಿ. ಎಸ್. ನಾಗಾಭರಣ ನಿರ್ದೇಶನದ 'ಸಂತ ಶಿಶುನಾಳ ಶರೀಫ' (೧೯೯೦). ಶ್ರೀಧರ್ ಶರೀಫರಾಗಿ, ಗಿರೀಶ ಕಾರ್ನಾಡರು ಗುರು ಗೋವಿಂದ ಭಟ್ಟರಾಗಿ ಅಭಿನಯಿಸಿದ ಈ ಚಿತ್ರಕ್ಕೆ ಸಿ. ಅಶ್ವತ್ಥ್ ಸಂಗೀತ ನೀಡಿದರು. ರಾಷ್ಟ್ರೀಯ ಭಾವೈಕ್ಯಕ್ಕಾಗಿ ಕೊಡುವ ನರ್ಗಿಸ್ ದತ್ ಪ್ರಶಸ್ತಿ ಅದಕ್ಕೆ ಸಂದಿತು.

ಶರೀಫರು (೧೮೧೯–೧೮೮೯) ಈಗಿನ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಶಿಶುವಿನಹಾಳದವರು. ಕೆಲಕಾಲ ಶಾಲಾ ಶಿಕ್ಷಕರಾಗಿದ್ದವರು. ಅವರ ಬದುಕಿನ ವಿವರಗಳಲ್ಲಿ ಹೆಚ್ಚಿನವು ಐತಿಹ್ಯಗಳ ರೂಪದಲ್ಲಿ ಉಳಿದುಬಂದಿವೆ. ಕಳಸದ ಗೋವಿಂದ ಭಟ್ಟರು ಮುಸ್ಲಿಂ ಶಿಷ್ಯನಿಗೆ ಜನಿವಾರ ಹಾಕಿದ ಪ್ರಸಂಗ ಅವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು. ಚಿತ್ರವು ಗುರು-ಶಿಷ್ಯ ಸಂಬಂಧವನ್ನು ಕೇಂದ್ರವಾಗಿಟ್ಟುಕೊಂಡು ಐತಿಹ್ಯದ ದಾರಿಯಲ್ಲಿಯೇ ಸಾಗುತ್ತದೆ. ಐತಿಹ್ಯವನ್ನು ಇತಿಹಾಸವೆಂದು ತೋರಿಸಲಾಗಿದೆ ಎಂಬ ಆಕ್ಷೇಪ ಇಲ್ಲಿ ಹೆಚ್ಚು ದೂರ ಹೋಗಲಾರದು. ಜನ ತಮ್ಮ ಸಂತನನ್ನು ಹೇಗೆ ನೆನೆದರೋ ಹಾಗೆ ತೋರಿಸುವುದೂ ಒಂದು ಬಗೆಯ ನಿಷ್ಠೆಯೇ. ಧಾರವಾಡ ಸೀಮೆಯ ನುಡಿಗೆ ಚಿತ್ರ ತಂದುಕೊಟ್ಟ ಗೌರವವೂ, ಎರಡು ಮತಗಳವರು ಸೇರಿ ನಡೆದುಕೊಳ್ಳುವ ಗದ್ದುಗೆಯೊಂದನ್ನು ನಾಡಿನ ಗಮನಕ್ಕೆ ತಂದ ರೀತಿಯೂ ಸಣ್ಣ ಸಾಧನೆಗಳಲ್ಲ.

ನಿಜವಾದ ಪ್ರಶ್ನೆ ಇರುವುದು ಕಂಠದಲ್ಲಿ. ಭಾರತದಲ್ಲಿ ಗ್ರಾಮಫೋನ್ ಧ್ವನಿಮುದ್ರಣ ಆರಂಭವಾದುದು ೧೯೦೨ರಲ್ಲಿ. ಶರೀಫರು ತೀರಿಕೊಂಡ ೧೩ ವರ್ಷಗಳ ಅನಂತರ. ಅವರು ಹೇಗೆ ಹಾಡುತ್ತಿದ್ದರೆಂಬುದಕ್ಕೆ ಧ್ವನಿಯ ಆಧಾರವಿಲ್ಲ. ಇರುವ ಆಧಾರ ಭಜನಾ ಮೇಳಗಳ ಪರಂಪರೆ ಮಾತ್ರ. ಏಕತಾರಿ, ತಾಳ, ದಮ್ಮಡಿಗಳೊಡನೆ ಮುಂದಿನವನು ನುಡಿಯನ್ನು ಎತ್ತಿಕೊಡುತ್ತಾನೆ. ಹಿಂದಿನವರು ಪಲ್ಲವಿಯನ್ನು ಹಿಡಿಯುತ್ತಾರೆ. ಒಂದೇ ಪದ ಒಂದೂರಿನಲ್ಲಿ ಒಂದು ಧಾಟಿಯಲ್ಲಿ, ಇನ್ನೊಂದೂರಿನಲ್ಲಿ ಇನ್ನೊಂದು ಧಾಟಿಯಲ್ಲಿ ಕೇಳಿಬರುತ್ತದೆ. ಯಾವುದೂ ಮೂಲವಲ್ಲ, ಯಾವುದೂ ಅಪಭ್ರಂಶವೂ ಅಲ್ಲ. ಮೊಹರಮ್ಮಿನ ಹೆಜ್ಜೆ ಮೇಳಗಳಿಗಾಗಿ ಶರೀಫರು ರಿವಾಯತ ಪದಗಳನ್ನೂ ರಚಿಸಿದರು. ಅವು ಕುಣಿತದ ಹೆಜ್ಜೆಗೆ ಹೊಂದಿಕೊಂಡ ಹಾಡುಗಳು. ಒಬ್ಬನ ಏಕಾಂತಕ್ಕೆ ಸಲ್ಲುವವಲ್ಲ.

ಚಿತ್ರದ ಹಾಡುಗಾರಿಕೆ ಬೇರೆ ಪರಂಪರೆಯಿಂದ ಬಂದುದು. ಎನ್. ಎಸ್. ಲಕ್ಷ್ಮೀನಾರಾಯಣ ಭಟ್ಟರ ಆಸ್ಥೆಯಿಂದಲೂ ಅಶ್ವತ್ಥರ ರಾಗಸಂಯೋಜನೆಯಿಂದಲೂ ಶರೀಫರ ಪದಗಳು ಚಿತ್ರಕ್ಕೆ ಮೊದಲೇ ಧ್ವನಿಸುರುಳಿಗಳ ಮೂಲಕ ಸುಗಮ ಸಂಗೀತದ ವೇದಿಕೆಯನ್ನು ಏರಿದ್ದವು. ಅಶ್ವತ್ಥ್ ಹಾಗೂ ಶಿವಮೊಗ್ಗ ಸುಬ್ಬಣ್ಣನವರ ಏರುಕಂಠದ ಗಾಯನ ಆ ಪದಗಳಿಗೆ ನಾಡಿನುದ್ದಕ್ಕೂ ಕೇಳುಗರನ್ನು ಒದಗಿಸಿತು. ಚಿತ್ರವು ಈ ಕಂಠಕ್ಕೆ ಒಂದು ಮುಖವನ್ನೂ ಒಂದು ಜೀವನಕಥೆಯನ್ನೂ ಜೋಡಿಸಿತು. ಪರಿಣಾಮವಾಗಿ ಶಾಲೆ, ಸಭೆ, ಸ್ಪರ್ಧೆಗಳಲ್ಲಿ ಶರೀಫರ ಪದವೆಂದರೆ ಅಶ್ವತ್ಥರ ಧಾಟಿಯೇ ಎನ್ನುವಂತಾಯಿತು. ಧ್ವನಿಸುರುಳಿ ಹಳ್ಳಿಗೂ ತಲುಪಿದ್ದರಿಂದ ಭಜನಾ ಮೇಳಗಳೂ ಅದರ ಪ್ರಭಾವದಿಂದ ಹೊರಗೆ ಉಳಿಯಲಿಲ್ಲ.

ಅರ್ಥದ ನೆಲೆಯಲ್ಲಿಯೂ ಇಂಥದೇ ಸಂಕೋಚ ಸಂಭವಿಸುತ್ತದೆ. ಶರೀಫರ ಬೆಡಗಿನ ಪದಗಳಲ್ಲಿ ಮನೆ ಎಂದರೆ ದೇಹ, ಬಿಂದಿಗೆ ಎಂದರೆ ಮನಸ್ಸು. ಗಿರಣಿಯಂಥ ಹೊಸ ಯಂತ್ರವೂ ಅವರ ಕೈಯಲ್ಲಿ ತತ್ವದ ಮಾತಾಯಿತು. ಮೇಳದಲ್ಲಿ ಹಾಡಿನ ನಡುವೆ ಅರ್ಥ ಬಿಡಿಸಿ ಹೇಳುವ, ಎದುರು ಪ್ರಶ್ನೆ ಹಾಕುವ ಅವಕಾಶವಿದೆ. ಕ್ಯಾಮೆರಾಕ್ಕೆ ಮಾತ್ರ ಕಣ್ಣಿಗೆ ಕಾಣುವ ಮನೆಯೇ ಬೇಕು, ಬಿಂದಿಗೆಯೇ ಬೇಕು. ಹಾಡಿಗೆ ಕಾರಣವಾದ ಒಂದು ಘಟನೆಯೂ ಬೇಕು. ಹೀಗೆ ಪದವು ಜೀವನದ ಒಂದು ಪ್ರಸಂಗಕ್ಕೆ ಕಟ್ಟುಬಿದ್ದಾಗ ಒಗಟಿನ ಗುಣ ಹಿಂದೆ ಸರಿದು ಆತ್ಮಕಥೆಯ ಗುಣ ಮುಂದೆ ಬರುತ್ತದೆ. ತತ್ವಪದಕಾರ ಭಾವಗೀತೆಯ ಕವಿಯಾಗಿ ಮಾರ್ಪಡುತ್ತಾನೆ. ಇದು ನಾಗಾಭರಣರ ಚಿತ್ರವೊಂದರ ಕೊರತೆಯಲ್ಲ. ಜೀವನಚಿತ್ರವೆಂಬ ಪ್ರಕಾರದ ಒಳಗೇ ಇರುವ ಒತ್ತಡ.

೪. ಧ್ವನಿಯ ಆಧಾರವಿದ್ದಾಗ

ಗಾಯಕನ ಧ್ವನಿಮುದ್ರಿಕೆಗಳು ಉಳಿದಿದ್ದರೆ ಈ ಅಂತರ ಕಡಿಮೆಯಾಗಬೇಕೆಂದು ತೋರುತ್ತದೆ. ಉದಾಹರಣೆಗಳು ಅದನ್ನು ಪೂರ್ಣವಾಗಿ ಸಮರ್ಥಿಸುವುದಿಲ್ಲ. ಶಾಹೀರ ಸಾಬಳೆಯವರನ್ನು (೧೯೨೩–೨೦೧೫) ಕುರಿತ ಮರಾಠಿಯ 'ಮಹಾರಾಷ್ಟ್ರ ಶಾಹೀರ' (೨೦೨೩) ಚಿತ್ರದ ನಿರ್ದೇಶಕ ಕೇದಾರ ಶಿಂದೆ ಸಾಬಳೆಯವರ ಮೊಮ್ಮಗ. ಅದೇ ವರ್ಷ ಸಾಬಳೆಯವರು ಹಾಡಿ ಜನಪ್ರಿಯಗೊಳಿಸಿದ ಗೀತೆಯೊಂದು ಮಹಾರಾಷ್ಟ್ರದ ರಾಜ್ಯಗೀತೆಯಾಯಿತು. ಇಷ್ಟು ನಿಕಟ ಆಧಾರಗಳಿದ್ದರೂ ಚಿತ್ರದಿಂದ ಹೆಚ್ಚು ಪ್ರಚಾರ ಪಡೆದುದು ಅಜಯ್-ಅತುಲ್ ಹೊಸದಾಗಿ ಸಂಯೋಜಿಸಿದ ಪ್ರೇಮಗೀತೆ; ಶಾಹೀರರ ಪೋವಾಡವಾಗಲಿ ಲೋಕನಾಟ್ಯವಾಗಲಿ ಅಲ್ಲ. ಸಂಯುಕ್ತ ಮಹಾರಾಷ್ಟ್ರ ಚಳವಳಿಯ ಶಾಹೀರಿ ಹಾಡುಗಳಲ್ಲಿ ಬೆಳಗಾವಿಯ ಹೆಸರೂ ಇದ್ದಿತು. ಖಾನಾಪುರದ ಕನ್ನಡ ಕಿವಿಗೂ ಮರಾಠಿ ಕಿವಿಗೂ ಆ ಹಾಡುಗಳು ಒಂದೇ ಅರ್ಥದಲ್ಲಿ ಕೇಳಿಸಿರಲಾರವು. ಕೇಳುಗರ ಈ ಭೇದವೂ ಗಾಯಕನ ವಾಸ್ತವದ ಒಂದು ಭಾಗ.

ಪಂಜಾಬಿನ ಗಾಯಕನನ್ನು ಕುರಿತ 'ಅಮರ್ ಸಿಂಗ್ ಚಮ್ಕೀಲಾ' (೨೦೨೪) ಚಿತ್ರದಲ್ಲಿ ದಿಲ್ಜಿತ್ ದೋಸಾಂಝ್ ಮತ್ತು ಪರಿಣೀತಿ ಚೋಪ್ರಾ ತಾವೇ ಹಾಡಿದರು. ಜೋಡಿ ಗಾಯನದ ಅಖಾಡವನ್ನು ತೋರಿಸುವಲ್ಲಿ ಆ ಚಿತ್ರ ಹೆಚ್ಚು ಎಚ್ಚರ ವಹಿಸಿದೆ. ಅಮೆರಿಕದ ಬಾಬ್ ಡಿಲನ್ ಕುರಿತ 'ಎ ಕಂಪ್ಲೀಟ್ ಅನ್‌ನೋನ್' (೨೦೨೪) ಚಿತ್ರವು ೧೯೬೬ರಲ್ಲಿ ಮ್ಯಾಂಚೆಸ್ಟರಿನಲ್ಲಿ ಶ್ರೋತೃವೊಬ್ಬ ಗಾಯಕನನ್ನು ದ್ರೋಹಿಯೆಂದು ಕೂಗಿದ ಪ್ರಸಂಗವನ್ನು ೧೯೬೫ರ ನ್ಯೂಪೋರ್ಟ್ ಉತ್ಸವಕ್ಕೆ ತಂದು ಕೂಡಿಸಿದೆ. ದಾಖಲೆ ಹೇರಳವಾಗಿರುವ ಕಡೆ ಇಂಥ ಸ್ಥಳಾಂತರವನ್ನು ಓದುಗನೇ ಗುರುತಿಸಬಲ್ಲ. ತತ್ವಪದಕಾರನ ವಿಷಯದಲ್ಲಿ ಗುರುತಿಸುವವರಾರು? ಅಲ್ಲಿ ಪರಿಶೀಲನೆಯ ಹೊಣೆ ಸಂಶೋಧಕನ ಮೇಲೆಯೇ ಬೀಳುತ್ತದೆ.

೫. ಸಮಾರೋಪ

ಮೇಲಿನ ವಿವೇಚನೆಯಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದು ವಿಮರ್ಶೆಗೆ ಸಂಬಂಧಿಸಿದುದು. ಜನಪದ ಗಾಯಕನ ಜೀವನಚಿತ್ರವನ್ನು ಇಸವಿ, ಘಟನೆಗಳ ಸತ್ಯಾಸತ್ಯತೆಯಿಂದಷ್ಟೇ ಅಳೆದರೆ ಸಾಲದು. ಅದು ಹಿಮ್ಮೇಳಕ್ಕೆ, ಎದುರು ಹಾಡುವವರಿಗೆ, ಕೇಳುಗರಿಗೆ ಎಷ್ಟು ಸ್ಥಳ ಕೊಟ್ಟಿದೆಯೆಂಬುದನ್ನು ನೋಡಬೇಕು. ಬೆಳಗಾವಿ ಜಿಲ್ಲೆಯಲ್ಲಿಯೇ ಶ್ರೀಕೃಷ್ಣ ಪಾರಿಜಾತದ ಮೇಳ ಕಟ್ಟಿ ಹೆಸರಾದ ಕೌಜಲಗಿ ನಿಂಗಮ್ಮನಂಥವರ ಬದುಕು ತೆರೆಗೆ ಬರುವುದಾದರೆ, ಭಾಗವತ ಹಾಗೂ ದೂತಿಯರ ಮಾತಿನ ಚಕಮಕಿಯನ್ನು ಬಿಟ್ಟು ಒಂಟಿ ಕಂಠದ ಕಥೆ ಹೇಳಲು ಸಾಧ್ಯವೇ ಇಲ್ಲ. ಹರದೇಶಿ-ನಾಗೇಶಿಯ ಗೀಗೀ ಮೇಳಕ್ಕೂ ಇದೇ ಮಾತು ಸಲ್ಲುತ್ತದೆ.

ಎರಡನೆಯದು ಕ್ಷೇತ್ರಕಾರ್ಯಕ್ಕೆ ಸಂಬಂಧಿಸಿದುದು. ೧೯೯೦ರ ಅನಂತರ ಮುದ್ರಿಸಿಕೊಂಡ ತತ್ವಪದದ ಧಾಟಿ ಗುರುಪರಂಪರೆಯಿಂದ ಬಂದುದೋ, ಧ್ವನಿಸುರುಳಿ ಇಲ್ಲವೆ ಚಿತ್ರದಿಂದ ಬಂದುದೋ ಎಂಬುದನ್ನು ಸಂಗ್ರಾಹಕರು ಹಾಡುಗಾರರಿಂದಲೇ ಕೇಳಿ ದಾಖಲಿಸಬೇಕು. ಚಿತ್ರಕ್ಕೆ ಮೊದಲು ಹಾಡಲು ಕಲಿತ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವುದರಿಂದ ಈ ಕೆಲಸವನ್ನು ಮುಂದೂಡುವಂತಿಲ್ಲ. ಚಿತ್ರದ ಧಾಟಿಯನ್ನು ಅಶುದ್ಧವೆಂದು ಕೈಬಿಡುವುದೂ ಸರಿಯಲ್ಲ; ಅದೂ ಈಗ ಪರಂಪರೆಯ ಒಂದು ಪಾಠ. ಅಶ್ವತ್ಥರ ಹೆಸರಿನಲ್ಲಿ, ಅದರ ಕಾಲದೊಡನೆ, ಅದು ದಾಖಲಾಗಬೇಕು. ಶರೀಫರ ಪದಗಳಿಗೆ ಇನ್ನೂ ಹಲವು ಧಾಟಿಗಳಿದ್ದವೆಂಬ ಅರಿವು ಮುಂದಿನ ತಲೆಮಾರಿಗೆ ತಲುಪುವುದು ಇಂಥ ದಾಖಲೆಗಳಿಂದ ಮಾತ್ರ.