ಅಸಂಗತತೆಯ ಪ್ರಶ್ನೆ ಮತ್ತು ಜೋಕುಮಾರನ ಬುಟ್ಟಿ

ಬದುಕಿಗೆ ಅರ್ಥವಿದೆಯೇ ಎಂಬ ಪ್ರಶ್ನೆಯನ್ನು ಕನ್ನಡ ವಿಮರ್ಶೆಯು ಬಹುಮಟ್ಟಿಗೆ ನವ್ಯರ ಪ್ರಶ್ನೆಯೆಂದೇ ಪರಿಗಣಿಸಿದೆ. ಆಲ್ಬರ್ಟ್ ಕಮೂ 1942ರಲ್ಲಿ ಪ್ರಕಟಿಸಿದ ಸಿಸಿಫಸನನ್ನು ಕುರಿತ ಪ್ರಬಂಧ, 1953ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲು ರಂಗಕ್ಕೆ ಬಂದ ಸ್ಯಾಮ್ಯುಯೆಲ್ ಬೆಕೆಟ್‌ನ ‘ಗೋಡೋ’ ನಾಟಕ, ಈ ಬಗೆಯ ಕೃತಿಗಳನ್ನು ಒಂದು ಹೆಸರಿನಡಿ ತಂದ ಮಾರ್ಟಿನ್ ಎಸ್ಲಿನ್‌ನ 1961ರ ಗ್ರಂಥ, ಇವುಗಳ ಹಿನ್ನೆಲೆಯಲ್ಲಿ ‘ಅಸಂಗತ ನಾಟಕ’ ಎಂಬ ಮಾತು ನಮ್ಮಲ್ಲಿ ಬಳಕೆಗೆ ಬಂದಿತು. ಪಿ. ಲಂಕೇಶರ ‘ತೆರೆಗಳು’, ಚಂದ್ರಶೇಖರ ಪಾಟೀಲರ ‘ಕೊಡೆಗಳು’, ‘ಅಪ್ಪ’ ಮೊದಲಾದ ನಾಟಕಗಳು ಈ ಹೆಸರಿನಲ್ಲಿಯೇ ಚರ್ಚೆಗೊಳಗಾದವು.

ಈ ಚರ್ಚೆಯಲ್ಲಿ ಎರಡು ನಿಲುವುಗಳು ಮತ್ತೆ ಮತ್ತೆ ಎದುರಾಗುತ್ತವೆ. ಅಸಂಗತತೆಯು ಯುದ್ಧೋತ್ತರ ಯುರೋಪಿನ ಅನುಭವ, ಅದು ಇಲ್ಲಿಗೆ ಕಡವಾಗಿ ಬಂದದ್ದು ಎಂಬುದು ಒಂದು. ಜನಪದರ ಬದುಕು ನಂಬಿಕೆಯಿಂದ ತುಂಬಿದ್ದು, ಅಲ್ಲಿ ಅರ್ಥಶೂನ್ಯತೆಗೆ ಎಡೆಯೇ ಇಲ್ಲ ಎಂಬುದು ಇನ್ನೊಂದು. ಮೇಲ್ನೋಟಕ್ಕೆ ಇವು ಪರಸ್ಪರ ಪೂರಕವಾಗಿ ಕಾಣುತ್ತವೆ. ಜಾನಪದ ಕ್ಷೇತ್ರದಲ್ಲಿ ದುಡಿಯುವವರಿಗೆ ಎರಡನೆಯ ನಿಲುವು ಹಿತವಾಗಿಯೂ ಕೇಳಿಸುತ್ತದೆ. ಆದರೆ ಎರಡೂ ಜನಪದರಿಗೆ ನ್ಯಾಯ ಸಲ್ಲಿಸುವುದಿಲ್ಲ ಎಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ. ಇದಕ್ಕೆ ಆಧಾರವಾಗಿ ಬಳ್ಳಾರಿ ಸೀಮೆಯನ್ನೂ ಒಳಗೊಂಡಂತೆ ಉತ್ತರ ಕರ್ನಾಟಕದಲ್ಲಿ ರೂಢಿಯಲ್ಲಿರುವ ಜೋಕುಮಾರನ ಆಚರಣೆಯನ್ನು ಇಲ್ಲಿ ಪರಿಶೀಲಿಸಲಾಗಿದೆ.

ಆಚರಣೆಯ ಸ್ವರೂಪ ಎಲ್ಲರಿಗೂ ಪರಿಚಿತವೇ. ಭಾದ್ರಪದ ಶುದ್ಧ ಅಷ್ಟಮಿಯ ಹೊತ್ತಿಗೆ ಹುಟ್ಟುವ ಜೋಕುಮಾರ ಹುಣ್ಣಿಮೆಯವರೆಗೆ ಮಾತ್ರ ಬದುಕುತ್ತಾನೆ. ದೊಡ್ಡ ಕಣ್ಣು, ಮೀಸೆ, ಎದ್ದುಕಾಣುವ ಲಿಂಗವುಳ್ಳ ಮಣ್ಣಿನ ಮೂರ್ತಿಯನ್ನು ಬೇವಿನ ಸೊಪ್ಪಿನ ಬುಟ್ಟಿಯಲ್ಲಿರಿಸಿ, ಅಂಬಿಗ, ಗಂಗಾಮತಸ್ಥ ಮೊದಲಾದ ಸಮುದಾಯಗಳ ಹೆಣ್ಣುಮಕ್ಕಳು ಮನೆಮನೆಗೆ ಹೊತ್ತು ಹಾಡುತ್ತಾರೆ. ಮನೆಯವರು ಅವನ ಬಾಯಿಗೆ ಬೆಣ್ಣೆ ಹಚ್ಚುತ್ತಾರೆ, ಮೊರದಲ್ಲಿ ಜೋಳ ನೀಡುತ್ತಾರೆ. ಪ್ರತಿಯಾಗಿ ದೊರೆಯುವ ನುಚ್ಚು, ಬೇವಿನೆಲೆಗಳನ್ನು ಹೊಲಕ್ಕೆ ಚರಗ ಚೆಲ್ಲುವುದುಂಟು. ಹುಣ್ಣಿಮೆಯ ರಾತ್ರಿ ಅವನನ್ನು ಕೊಲ್ಲಲಾಗುತ್ತದೆ. ಹಲವು ಕಡೆ ಅಗಸರ ಬಂಡೆಯ ಬಳಿ ಅವನ ಅಂತ್ಯವಾಗುತ್ತದೆ. ಮರುವರ್ಷ ಅವನು ಮತ್ತೆ ಹುಟ್ಟುತ್ತಾನೆ, ಮತ್ತೆ ಸಾಯುತ್ತಾನೆ.

ಇದನ್ನು ಫಲವಂತಿಕೆಯ ಆಚರಣೆಯೆಂದು ವಿದ್ವಾಂಸರು ವಿವರಿಸಿದ್ದಾರೆ. ಬೀಜ ಮಣ್ಣಿಗೆ ಬೀಳುತ್ತದೆ, ಪೈರು ಮೇಲೇಳುತ್ತದೆ. ದೇವತೆಯ ಸಾವು ಬೆಳೆಯ ಹುಟ್ಟಿಗೆ ಕಾರಣವಾಗುತ್ತದೆ. ಈ ವಿವರಣೆ ತಪ್ಪಲ್ಲ. ಆದರೆ ಅದು ಮಳೆ ಬಂದ ವರ್ಷದ ವಿವರಣೆ. ಮಳೆ ಬಾರದ ವರ್ಷದಲ್ಲಿ ಈ ಸಾವಿಗೆ ಏನರ್ಥ ಎಂಬುದನ್ನು ಅದು ಕೇಳಿಕೊಳ್ಳುವುದಿಲ್ಲ. ಇದು ಊಹೆಯ ಪ್ರಶ್ನೆಯಲ್ಲ. ಬಳ್ಳಾರಿಯು 1876–78ರ ಮಹಾಕ್ಷಾಮದಲ್ಲಿ ಮದರಾಸು ಪ್ರಾಂತದ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲೊಂದು. ಧಾತು, ಈಶ್ವರ ಸಂವತ್ಸರಗಳ ಆ ಬರ ಹೆಸರುಳಿಸಿಕೊಂಡು ಜನರ ನೆನಪಿನಲ್ಲಿ ನಿಂತಿತು. ಬಿತ್ತಿದ ಬೀಜ ಮೇಲೇಳದ ವರ್ಷಗಳನ್ನು ಈ ನೆಲ ಕಂಡಿದೆ. ಆಚರಣೆ ಮಾತ್ರ ಉಳಿದು ಬಂದಿದೆ. ಫಲಕ್ಕಾಗಿಯೇ ಆಚರಣೆ ಎಂದಾದರೆ, ಫಲ ದೊರೆಯದಾಗಲೂ ಅದು ಉಳಿದದ್ದು ಹೇಗೆ?

ಉತ್ತರವು ಈ ಐತಿಹ್ಯದ ಇನ್ನೊಂದು ಮುಖದಲ್ಲಿದೆ ಎಂದು ನನಗೆ ತೋರುತ್ತದೆ. ಜನಪದರ ನಂಬಿಕೆಯಂತೆ, ಭಾದ್ರಪದದಲ್ಲಿ ಭೂಮಿಗೆ ಬರುವ ಗಣಪ ಕಡುಬು ಉಂಡೆಗಳನ್ನುಂಡು ಕೈಲಾಸಕ್ಕೆ ಮರಳಿ, ಲೋಕವೆಲ್ಲ ಸುಖವಾಗಿದೆ ಎಂದು ತಿಳಿಸುತ್ತಾನೆ. ಅವನ ಹಿಂದೆ ಬರುವ ಜೋಕುಮಾರ ಬಡವರ ಅಂಬಲಿಯುಂಡು, ಒಣಗಿದ ಹೊಲ ಕಂಡು, ಇದ್ದದ್ದನ್ನು ಇದ್ದ ಹಾಗೆ ಶಿವನಿಗೆ ಹೇಳುತ್ತಾನೆ. ಇಲ್ಲಿ ಜೋಕುಮಾರ ಮೊದಲಿಗೆ ಒಬ್ಬ ಸಾಕ್ಷಿ. ಫಲ ಕೊಡುವ ಅಧಿಕಾರ ಅವನಿಗಿಲ್ಲ. ನೋಡುವ ಮತ್ತು ಹೇಳುವ ಕೆಲಸ ಮಾತ್ರ ಅವನದು. ಅದಕ್ಕಾಗಿ ಅವನು ತೆರುವ ಬೆಲೆ ಪ್ರಾಣ.

ಬೆಕೆಟ್‌ನ ನಾಟಕದೊಡನೆ ಹೋಲಿಸಿದಾಗ ಈ ಅಂಶ ಇನ್ನಷ್ಟು ಸ್ಪಷ್ಟವಾಗುತ್ತದೆ. ಅಲ್ಲಿಯೂ ಒಬ್ಬ ದೂತನಿದ್ದಾನೆ. ಎರಡೂ ಅಂಕಗಳ ಕೊನೆಗೆ ಬರುವ ಹುಡುಗ, ಗೋಡೋ ಇಂದು ಬರುವುದಿಲ್ಲ, ನಾಳೆ ಬರುತ್ತಾನೆ ಎಂದು ತಿಳಿಸುತ್ತಾನೆ. ಆ ದೂತ ಬಾರದಿರುವವನ ಕಡೆಯಿಂದ ಕಾಯುವವರ ಬಳಿಗೆ ಬರುವವನು. ಜೋಕುಮಾರನಾದರೋ ಕಾಯುವವರ ಕಡೆಯಿಂದ ಅತ್ತ ಹೋಗುವವನು. ಒಂದರಲ್ಲಿ ಮನುಷ್ಯ ಸುದ್ದಿಗಾಗಿ ಕಾಯುತ್ತಾನೆ. ಇನ್ನೊಂದರಲ್ಲಿ ಸುದ್ದಿ ಕಳುಹಿಸುತ್ತಾನೆ. ಎರಡರಲ್ಲಿಯೂ ಉತ್ತರ ಖಚಿತವಿಲ್ಲ, ಎರಡರಲ್ಲಿಯೂ ಪುನರಾವರ್ತನೆಯಿದೆ. ಆದರೆ ತನ್ನ ಕಷ್ಟವನ್ನು ನಿಜವಾಗಿ ಹೇಳುವವನೊಬ್ಬನನ್ನು ವರ್ಷಕ್ಕೊಮ್ಮೆ ರೂಪಿಸಿ ಕಳುಹಿಸುವ ಸಮುದಾಯವು ಬರಿದೆ ಕಾಯುವ ಸಮುದಾಯವಲ್ಲ.

2003ರ ಭಾದ್ರಪದದಲ್ಲಿ, ಸಂಶೋಧನ ವಿದ್ಯಾರ್ಥಿಯಾಗಿದ್ದ ನಾನು ಬಳ್ಳಾರಿ ತಾಲ್ಲೂಕಿನ ರೂಪನಗುಡಿಯಲ್ಲಿದ್ದೆ. ರಾಜ್ಯವು ಸತತ ಮೂರನೆಯ ವರ್ಷ ಬರವನ್ನು ಕಾಣುತ್ತಿದ್ದ ಕಾಲವದು. ಬುಟ್ಟಿ ಹೊತ್ತ ಹಿರಿಯ ಹೆಣ್ಣುಮಗಳೊಬ್ಬರನ್ನು, ಹೋದ ವರ್ಷವೂ ಹೇಳಿ ಕಳಿಸಿದಿರಿ, ಮಳೆ ಬರಲಿಲ್ಲವಲ್ಲ ಎಂದು ಕೇಳಿದೆ. ಹೇಳುವುದು ಅವನ ಪಾಲಿನದು, ಹೊರುವುದು ತಮ್ಮ ಪಾಲಿನದು, ಕೊಡುವುದು ಬಿಡುವುದು ಮೇಲಿನವನದು ಎಂಬರ್ಥದ ಮಾತನ್ನಾಡಿ ಅವರು ಮುಂದಿನ ಮನೆಗೆ ನಡೆದರು. ಆ ಮಾತಿನಲ್ಲಿ ಭರವಸೆಯೂ ಇರಲಿಲ್ಲ, ಹತಾಶೆಯೂ ಇರಲಿಲ್ಲ. ನನ್ನ ಪ್ರಶ್ನಾವಳಿಯಲ್ಲಿ ಅದನ್ನು ಗುರುತಿಸುವ ಅಂಕಣವೂ ಇರಲಿಲ್ಲ.

ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ (1972) ಈ ಹಿನ್ನೆಲೆಯಲ್ಲಿ ಮರುಓದಿಗೆ ಅರ್ಹವಾಗಿದೆ. ಗಣಪತಿಯ ಸ್ತುತಿಯಿಂದ ತೊಡಗಬೇಕಾದ ಆಟದಲ್ಲಿ ಜೋಕುಮಾರಸ್ವಾಮಿಯನ್ನು ತಂದು ನಿಲ್ಲಿಸುವ ಮೂಲಕವೇ ನಾಟಕ ತನ್ನ ಪಕ್ಷವನ್ನು ಸಾರುತ್ತದೆ. ಗಂಡನಿಗೆ ಉಣಿಸಬೇಕಾದ ಪಲ್ಯ ಬಸಣ್ಣನ ಪಾಲಾಗುತ್ತದೆ, ಗೌಡ್ತಿ ಗರ್ಭ ಧರಿಸುತ್ತಾಳೆ, ಬಸಣ್ಣ ಕೊಲೆಯಾಗುತ್ತಾನೆ. ಉಳುವವನಿಗೇ ಭೂಮಿ ಎಂಬ ಆ ಕಾಲದ ಹಂಬಲವನ್ನು ಆಚರಣೆಯ ಒಡಲಿನಿಂದಲೇ ನುಡಿಸಿದ್ದು ಕಂಬಾರರ ದೊಡ್ಡ ಸಾಧನೆ. ಆದರೆ ಇಲ್ಲಿ ಸಾವಿಗೆ ಫಲವಿದೆ. ಬಸಣ್ಣನ ಬೀಜ ಗೌಡ್ತಿಯ ಗರ್ಭದಲ್ಲಿ ಉಳಿಯುತ್ತದೆ. ನಾಟಕದ ಒತ್ತು ಫಲವಂತಿಕೆಯ ಮೇಲೆ ಬಿದ್ದು, ದೂತನ ನೆಲೆ ಹಿಂದೆ ಸರಿಯುತ್ತದೆ. ಫಲವಿಲ್ಲದ ವರ್ಷದ ಜೋಕುಮಾರ ಕನ್ನಡ ರಂಗಭೂಮಿಯಲ್ಲಿ ಇನ್ನೂ ತನ್ನ ನಾಟಕವನ್ನು ಕಾಯುತ್ತಿದ್ದಾನೆ.

ಇಲ್ಲಿ ಎರಡು ಮಾತುಗಳನ್ನು ಸ್ಪಷ್ಟಪಡಿಸಬೇಕು. ಮೊದಲನೆಯದು, ಜೋಕುಮಾರನನ್ನು ನಮ್ಮ ಸಿಸಿಫಸ್ ಎಂದು ಕರೆದು ಸಂತೋಷಪಡುವುದು ಸಲ್ಲದು. ಕಮೂನ ಸಿಸಿಫಸ್ ಒಬ್ಬಂಟಿ. ದೇವರ ಆಸರೆಯನ್ನು ನಿರಾಕರಿಸಿ, ತನ್ನ ಬಂಡೆಯನ್ನು ಅರಿತು ಹೊರುವುದರಲ್ಲಿಯೇ ಅವನ ಘನತೆಯಿದೆ. ಜೋಕುಮಾರನಿಗೆ ಮೇಲೆ ಶಿವನಿದ್ದಾನೆ, ಕೆಳಗೆ ಹೊರುವವರಿದ್ದಾರೆ. ಇಲ್ಲಿ ಭಾರ ಕೈಯಿಂದ ಕೈಗೆ ಸಾಗುತ್ತದೆ. ಅರ್ಥವು ಒಬ್ಬನು ಕಂಡುಕೊಳ್ಳುವ ವಸ್ತುವಲ್ಲ, ಹಲವರು ಹಂಚಿ ಹೊರುವ ಹೊಣೆ ಎಂಬ ತಿಳಿವಳಿಕೆ ಈ ಬುಟ್ಟಿಯಲ್ಲಿದೆ.

ಎರಡನೆಯದು ಹೆಚ್ಚು ಮುಖ್ಯವಾದುದು. ಹೊಣೆ ಎಲ್ಲರದೆಂದರೂ ಹೊರುವ ತಲೆ ಮಾತ್ರ ಕೆಲವರದು. ಬುಟ್ಟಿಗೆ ಬೀಳುವ ಜೋಳ ಅವರಿಗೆ ಧರ್ಮಕಾರ್ಯದ ಕಾಣಿಕೆಯಷ್ಟೇ ಆಗಿರದೆ, ಬರಗಾಲದಲ್ಲಿ ಅನ್ನವೂ ಆಗಿದ್ದಿತು. ಅವರ ಮನೆಯ ಓದಿದ ಹೆಣ್ಣುಮಗಳು ಬುಟ್ಟಿ ಹೊರಲಾರೆ ಎಂದರೆ, ಪರಂಪರೆ ಅಳಿಯುತ್ತಿದೆ ಎಂದು ಹಲುಬುವ ಅಧಿಕಾರ ಸಂಶೋಧಕನಿಗಿಲ್ಲ. ನಮ್ಮ ಅರ್ಥದ ಹಸಿವಿಗಾಗಿ ಇನ್ನೊಬ್ಬರ ತಲೆಯ ಮೇಲಿನ ಭಾರ ಉಳಿಯಲಿ ಎನ್ನುವುದು ಅಧ್ಯಯನವೆನಿಸದು.

ಆದರೆ ಬುಟ್ಟಿ ಇಳಿದ ಮೇಲೆಯೂ ಅದರೊಳಗಿನ ಪ್ರಶ್ನೆ ಇಳಿಯುವುದಿಲ್ಲ. ಎಲ್ಲ ಸುಖವಾಗಿದೆ ಎಂದು ವರದಿ ಒಪ್ಪಿಸುವ ಗಣಪರಿಗೆ ಇಂದಿಗೂ ಕೊರತೆಯಿಲ್ಲ. ಅಂಬಲಿಯುಂಡು, ಕಂಡದ್ದನ್ನು ಕಂಡಂತೆ ಹೇಳಿ, ಅದರ ಬೆಲೆ ತೆರುವವನ ಅಗತ್ಯ ಆಗಿನಷ್ಟೇ ಉಳಿದಿದೆ. ಅಸಂಗತತೆಯ ಚರ್ಚೆಯು ಕನ್ನಡದಲ್ಲಿ ಮುಂದುವರಿಯಬೇಕಾದರೆ, ಬದುಕಿಗೆ ಅರ್ಥವಿದೆಯೇ ಎಂಬ ಪ್ರಶ್ನೆಯ ಜೊತೆಗೆ, ಬದುಕಿನ ನಿಜವನ್ನು ಹೇಳುವವರು ಯಾರು, ಅವರನ್ನು ಹೊರುವವರು ಯಾರು ಎಂಬ ಪ್ರಶ್ನೆಗಳನ್ನೂ ಅದು ಎತ್ತಿಕೊಳ್ಳಬೇಕಾಗುತ್ತದೆ.