ಕಾವೇರಿ ಈಗ ಯಾರವಳು?

ಸಂಜೆ ಏಳಾಯಿತೆಂದರೆ ಕುಂದಾಣದ ನಮ್ಮ ಮನೆಯಲ್ಲಿ ಬೇರೆ ಮಾತಿಗೆ ಜಾಗವಿಲ್ಲ. ಹೊಯ್ಸಳ ರಾಮನಾಥ ಆಳಿದ ಊರು ಇದು ಎಂದು ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುವ ನಮ್ಮತ್ತೆ, ಆ ಹೊತ್ತಿನಲ್ಲಿ ಮಾತ್ರ ರಾಜನೇ ಬಂದು ಬಾಗಿಲು ತಟ್ಟಿದರೂ ಏಳುವವರಲ್ಲ. ದೇವನಹಳ್ಳಿಯಿಂದ ಮೇಲೇರುವ ವಿಮಾನಕ್ಕೂ ಬೈಗುಳ ತಪ್ಪಿದ್ದಲ್ಲ, ಅದರ ಸದ್ದಿನಲ್ಲಿ ಒಂದು ಮಾತು ಕೇಳದೆ ಹೋಯಿತಲ್ಲ ಎಂದು. ಮೊನ್ನೆ ಧಾರಾವಾಹಿ ನೋಡುತ್ತ ನೋಡುತ್ತ ಇದ್ದಕ್ಕಿದ್ದಂತೆ, "ಇವಳು ನಮ್ಮ ಕಾವೇರಿ ಕಣೇ! ಯಾರನ್ನ ಕೇಳಿ ತಂದ್ರು ಇವಳನ್ನ?" ಎಂದರು.

ತ್ರಿವೇಣಿಯವರ 'ಶರಪಂಜರ'ದ ಕಾವೇರಿ. ಧಾರಾವಾಹಿಯ ಹೆಣ್ಣಿಗೆ ಬೇರೆ ಹೆಸರಿತ್ತು, ಬೇರೆ ಊರಿತ್ತು. ಆದರೆ ಬಾಣಂತನದಲ್ಲಿ ಮನಸ್ಸು ಕೆಟ್ಟು, ಆಸ್ಪತ್ರೆ ಸೇರಿ, ಗುಣವಾಗಿ ಮನೆಗೆ ಬಂದಿದ್ದಳು. ಅತ್ತೆಗೆ ಅಷ್ಟೇ ಸಾಕಾಯಿತು.

ಯಾರನ್ನೂ ಕೇಳಬೇಕಾಗಿಲ್ಲ ಎಂಬುದೇ ಅವರ ಪ್ರಶ್ನೆಗೆ ಉತ್ತರ. ನಮ್ಮ ದೇಶದಲ್ಲಿ ಕೃತಿಸ್ವಾಮ್ಯ ಲೇಖಕರು ತೀರಿಕೊಂಡ ಮರುವರ್ಷದಿಂದ ಲೆಕ್ಕ ಹಾಕಿ 60 ವರ್ಷ. ಮೊದಲು 50 ಇತ್ತು. ರವೀಂದ್ರನಾಥ ಠಾಕೂರರ ಕೃತಿಗಳ ಗಡುವು ಮುಗಿಯುತ್ತ ಬಂದಾಗ ಹತ್ತು ವರ್ಷ ಸೇರಿಸಿದರು. ತ್ರಿವೇಣಿ ತೀರಿಕೊಂಡದ್ದು 1963ರ ಜುಲೈನಲ್ಲಿ, ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ. ಇನ್ನೂ 35 ತುಂಬಿರಲಿಲ್ಲ. ಹಾಗಾಗಿ 2024ರ ಜನವರಿ 1ರಿಂದ ಅವರ ಕಾವೇರಿ, 'ಬೆಳ್ಳಿ ಮೋಡ'ದ ಇಂದಿರಾ ಎಲ್ಲರೂ ಸಾರ್ವಜನಿಕರ ಸ್ವತ್ತು. ಹೆಸರನ್ನೂ ಬದಲಿಸದೆ ತೆಗೆದುಕೊಂಡು ಹೋಗಬಹುದು.

ಗಡುವು ಮುಗಿಯದಿದ್ದರೂ ಬರಿಯ ಹೋಲಿಕೆಯನ್ನು ಹಿಡಿದು ಗೆಲ್ಲುವುದು ಸುಲಭವಲ್ಲ. 2003ರಲ್ಲಿ ಬಾರ್ಬರಾ ಟೇಲರ್ ಬ್ರಾಡ್‌ಫರ್ಡ್ ಎಂಬ ಇಂಗ್ಲಿಷ್ ಕಾದಂಬರಿಗಾರ್ತಿ, ಕರಿಷ್ಮಾ ಕಪೂರ್ ನಟಿಸಿದ ಹಿಂದಿ ಧಾರಾವಾಹಿಯೊಂದು ತಮ್ಮ ಕಥೆಯ ಕಳವು ಎಂದು ಕಲ್ಕತ್ತಾ ಹೈಕೋರ್ಟಿಗೆ ಹೋದರು. ಮೊದಲು ತಡೆಯಾಜ್ಞೆ ಸಿಕ್ಕಿತು, ಆಮೇಲೆ ವಿಭಾಗೀಯ ಪೀಠ ಅದನ್ನು ತೆಗೆದುಹಾಕಿತು. ಬಡ ಹುಡುಗಿಯೊಬ್ಬಳು ದುಡಿದು ಸಿರಿವಂತಳಾಗುವುದು ಬರಿಯ ಕಲ್ಪನೆ, ಕಲ್ಪನೆಗೆ ಒಡೆಯರಿಲ್ಲ. ಅದಕ್ಕೆ ಕೊಟ್ಟ ರೂಪಕ್ಕೆ ಮಾತ್ರ ಒಡೆತನ. ನಮ್ಮ ಶಿವರಾಮ ಕಾರಂತರ ಯಕ್ಷಗಾನದ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ 2009ರಲ್ಲಿ ತೀರ್ಮಾನವಾದಾಗಲೂ ವಿಷಯ ಇದೇ: ಅಭಿಮನ್ಯು ವ್ಯಾಸರ ಕಾಲದಿಂದ ಎಲ್ಲರವನು, ಆದರೆ ಕಾರಂತರು ಅವನನ್ನು ರಂಗಕ್ಕೆ ತಂದ ಬಗೆ ಅವರದು, ಅದರ ಹಕ್ಕು ಉಯಿಲಿನ ಪ್ರಕಾರ ಮಾಲಿನಿ ಮಲ್ಯರಿಗೆ ಸೇರಿತ್ತು.

ಇದಕ್ಕಿಂತ ತಮಾಷೆಯದು ಷರ್ಲಾಕ್ ಹೋಮ್ಸ್‌ನ ಮೊಕದ್ದಮೆ. ಅವನ ತಂಗಿಯ ಕಥೆಯೊಂದು 2020ರಲ್ಲಿ ಚಿತ್ರವಾದಾಗ ಕಾನನ್ ಡಾಯ್ಲ್ ವಾರಸುದಾರರು ಅಮೆರಿಕದಲ್ಲಿ ದಾವೆ ಹೂಡಿದರು. ಹಳೆಯ ಕಥೆಗಳ ಶುಷ್ಕ ಹೋಮ್ಸ್‌ನನ್ನು ಬೇಕಾದರೆ ಒಯ್ಯಿರಿ; ಮನಸ್ಸು ಕರಗುವ, ಹೆಣ್ಣುಮಕ್ಕಳಿಗೆ ಮರ್ಯಾದೆ ಕೊಡುವ ಹೋಮ್ಸ್ ಕೊನೆಯ ಕಥೆಗಳವನು, ಅವು ಇನ್ನೂ ನಮ್ಮವು ಎಂದರು! ಅತ್ತೆಗೆ ಹೇಳಿದೆ. "ಗಂಡಸರು ಮೃದು ಆಗೋದಕ್ಕೂ ಬಾಡಿಗೆ ಕೊಡ್ಬೇಕಾ?" ಎಂದು ನಕ್ಕರು.

ನಗು ನಿಂತ ಮೇಲೆ ಅವರ ಮುಖ ಸಪ್ಪಗಾಯಿತು. ಅವರ ತಕರಾರು ಕಳವಿನದಲ್ಲ ಎಂದು ನನಗೆ ತಿಳಿದದ್ದು ಆಗ. "ಹಾಲಿಗೆ ಪುಡಿ ಬೆರೆಸಿದ್ರಲ್ಲೇ" ಎಂದರು.

ಧಾರಾವಾಹಿಯಲ್ಲಿ ಆ ಹೆಣ್ಣಿಗೆ ಮನಸ್ಸು ಕೆಡುವುದು ಓರಗಿತ್ತಿ ದಿನಾ ಹಾಲಿಗೆ ಏನೋ ಪುಡಿ ಬೆರೆಸಿದ್ದರಿಂದ. ಪುಡಿ ಸಿಕ್ಕಿದ ದಿನ ಗಂಡ ಅತ್ತು ಕಾಲು ಹಿಡಿಯುತ್ತಾನೆ, ಮಾವ ತಲೆ ತಗ್ಗಿಸುತ್ತಾರೆ, ಮನೆಯವರೆಲ್ಲ ಒಳ್ಳೆಯವರಾಗಿಬಿಡುತ್ತಾರೆ. ತ್ರಿವೇಣಿ ಬರೆದದ್ದು ಇದರ ತದ್ವಿರುದ್ಧ. ಮನಃಶಾಸ್ತ್ರ ಓದಿದ ಅವರಿಗೆ ಬಾಣಂತಿ ಸನ್ನಿ ಒಂದು ಕಾಯಿಲೆ, ಬರುತ್ತದೆ, ವಾಸಿಯಾಗುತ್ತದೆ. ವಾಸಿಯಾಗಿ ಬಂದವಳನ್ನು ಮನೆಯವರು ನಂಬುವುದಿಲ್ಲ, ಅವಳು ಎತ್ತರದ ದನಿಯಲ್ಲಿ ಮಾತಾಡಿದರೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಅಲ್ಲಿ ಖಳನಾಯಕಿ ಇಲ್ಲ, ನಮ್ಮ ನಿಮ್ಮಂಥವರೇ ಇದ್ದಾರೆ. 1972ರ ಚಿತ್ರದಲ್ಲಿ ಪುಟ್ಟಣ್ಣ ಕಣಗಾಲ್ ದನಿಯನ್ನು ಬಹಳ ಏರಿಸಿದರು. ಕಲ್ಪನಾ ಅವರ ಅಭಿನಯ ಕೆಲವು ಕಡೆ ನನಗೆ ಅತಿ ಎನಿಸುತ್ತದೆ (ಅತ್ತೆಯ ಎದುರು ಇದನ್ನು ಹೇಳುವಂತಿಲ್ಲ). ಆದರೂ ಅವರು ಕಾವೇರಿಯನ್ನು ಆಸ್ಪತ್ರೆಗೇ ಮರಳಿಸಿದರು, ಮನೆಯವರನ್ನು ಬಿಡುಗಡೆ ಮಾಡಲಿಲ್ಲ. ದಿನವಹಿ ಧಾರಾವಾಹಿಗೆ ಅದು ಆಗದ ಮಾತು. ನಾಳೆಗೂ ಕಂತು ಬೇಕು, ಮುಂದಿನ ವರ್ಷಕ್ಕೂ ಬೇಕು. ಮನೆಯೇ ತಪ್ಪಿತಸ್ಥ ಎಂದರೆ ಕಥೆ ಮುಗಿದುಹೋಗುತ್ತದಲ್ಲ! ಅದಕ್ಕೇ ಪುಡಿ.

ಅತ್ತೆಯ ಅಕ್ಕನಿಗೆ ಮೊದಲ ಹೆರಿಗೆಯಲ್ಲಿ ಹೀಗೇ ಆಗಿತ್ತು. ಆರು ತಿಂಗಳಲ್ಲಿ ಸರಿಹೋದರೂ ಊರಿನ ಬಾಯಲ್ಲಿ ಸಾಯುವವರೆಗೆ 'ಹುಚ್ಚಮ್ಮ'ನೇ. "ನಾನೂ ಮಗೂನ ಅವಳ ಕೈಗೆ ಕೊಡ್ತಿರಲಿಲ್ಲ ಕಣೇ. ಪುಸ್ತಕ ಓದಿದ ಮೇಲೆ ಕೊಟ್ಟೆ" ಎಂದರು ಅತ್ತೆ. ಈ ಮಾತು ಅವರಿಂದ ಇಷ್ಟು ವರ್ಷದಲ್ಲಿ ಕೇಳಿರಲಿಲ್ಲ.

ಈ ನಷ್ಟಕ್ಕೆ ಕಾನೂನಿನಲ್ಲಿ ಒಂದು ಕಿಂಡಿ ಇದೆ, 57ನೆಯ ಕಲಮು. ಹಿಂದಿಯ ಮನ್ನೂ ಭಂಡಾರಿ ತಮ್ಮ 'ಆಪ್‌ಕಾ ಬಂಟಿ' ಕಾದಂಬರಿಯ ಚಿತ್ರದ ಹಕ್ಕನ್ನು ಮಾರಿದ ಮೇಲೂ, ನನ್ನ ಪಾತ್ರಗಳನ್ನು ತಿರುಚಿದ್ದಾರೆ ಎಂದು ದೆಹಲಿ ಹೈಕೋರ್ಟಿಗೆ ಹೋದರು. ಹಕ್ಕು ಮಾರಿದರೂ ಲೇಖಕಿಯ ಮಾನ ಮಾರಾಟವಾಗುವುದಿಲ್ಲ ಎಂಬ ಅರ್ಥದ ತೀರ್ಪು 1986ರಲ್ಲಿ ಬಂತು. ಈ ಹಕ್ಕಿಗಿದ್ದ ಕಾಲಮಿತಿಯನ್ನು 2012ರ ತಿದ್ದುಪಡಿ ತೆಗೆದುಹಾಕಿದೆ. ವಾರಸುದಾರರೂ ಇದನ್ನು ಚಲಾಯಿಸಬಹುದು. ಆದರೆ ತ್ರಿವೇಣಿಯ ಹೆಸರನ್ನೇ ಹೇಳದೆ, ಕಾವೇರಿಗೆ ಬೇರೆ ಸೀರೆ ಉಡಿಸಿ ತಂದವರನ್ನು ಯಾವ ಕಲಮಿನಲ್ಲಿ ಹಿಡಿಯುವುದು?

ಅದಕ್ಕೆ ನನ್ನ ಬೇಡಿಕೆ ಬೇರೆ. ಕಾವೇರಿಯನ್ನು ಬೀಗ ಹಾಕಿಡಿ ಎಂದು ನಾನು ಹೇಳುವವಳಲ್ಲ. ಗಡುವು ಮುಗಿದದ್ದರಿಂದ ಅಗ್ಗದ ಪ್ರತಿಗಳು ಬಂದರೆ ನನಗೇ ಸಂತೋಷ. ಟೀವಿಯವರು ಧಾರಾಳವಾಗಿ ಒಯ್ಯಲಿ, ಆದರೆ ತ್ರಿವೇಣಿಯ ಹೆಸರನ್ನು ದಪ್ಪಕ್ಷರದಲ್ಲಿ ಹಾಕಲಿ. ಆಗ ನೋಡುವವರಲ್ಲಿ ಒಬ್ಬಳಾದರೂ ಪುಸ್ತಕ ಹುಡುಕಿಯಾಳು, ಅಲ್ಲಿ ಪುಡಿ ಇಲ್ಲವಲ್ಲ ಎಂದು ಕೇಳಿಯಾಳು.

ಅಷ್ಟರಲ್ಲಿ ಜಾಹೀರಾತು ಮುಗಿಯಿತು. ರಾತ್ರಿ ಮಾತ್ರೆಯ ಜೊತೆ ಹಾಲಿನ ಲೋಟ ತಂದಿಟ್ಟೆ. ಅತ್ತೆ ಟೀವಿಯಿಂದ ಕಣ್ಣು ತೆಗೆಯದೆ ಲೋಟ ಎತ್ತಿ ಮೂಸಿ ನೋಡಿದರು. "ಏನೂ ಬೆರೆಸಿಲ್ಲ ತಾನೇ?" ಎಂದರು.